ಕಚೇರಿ ಬಿಟ್ಟವಳ ಹಗ್ಗ

ಹತ್ತೊಂಬತ್ತು ವರ್ಷ ಗೂಟದ ಕಚೇರಿಯಲ್ಲಿ ದುಡಿದು, ಒಂದು ಅಮಾವಾಸ್ಯೆಯ ಬೆಳಿಗ್ಗೆ ನನ್ನ ಅಳತೆ ಕೋಲನ್ನು ಪಾಲಾಕ್ಷಯ್ಯ ಸಾಹೇಬರ ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ. ಇಟ್ಟೆ ಎನ್ನುವುದು ಮರ್ಯಾದೆಯ ಮಾತು. ನಿಜವಾಗಿ ಕುಕ್ಕಿದೆ. ಮಸಿಯ ಕುಡಿಕೆ ಉರುಳಿ ಅವರ ಅಂಗಿಯ ತೋಳು ನೀಲಿಯಾಯಿತು. ಸಿಟ್ಟು ಬಂದಾಗ ನನಗೆ ಹಿಂದೆ ಮುಂದೆ ನೋಡುವ ಅಭ್ಯಾಸವಿಲ್ಲ. ಆ ನೋಡುವ ಕೆಲಸವನ್ನೆಲ್ಲ ಆಮೇಲೆ, ಹದಿನೈದು ದಿನ, ಒಟ್ಟಿಗೆ ಮಾಡಿದೆ.

ನಮ್ಮೂರಿನಲ್ಲಿ ಮನೆಗಳು ದಿನಾ ಮಧ್ಯಾಹ್ನ ಜರುಗುತ್ತವೆ. ಊಟ ಮುಗಿದು ಎಲೆಯಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುವ ಹೊತ್ತಿಗೆ ಕಚೇರಿಯ ಗಂಟೆ ಬಾರಿಸುತ್ತದೆ. ಮೊದಲ ಗಂಟೆಗೆ ಹೆಂಗಸರು ಕೊಡ, ಡಬ್ಬಿಗಳನ್ನು ನೆಲಕ್ಕಿಳಿಸುತ್ತಾರೆ. ಎರಡನೆಯದಕ್ಕೆ ತೊಟ್ಟಿಲಿನ ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಮೂರನೆಯದಕ್ಕೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಆಗ ಇಡೀ ಊರು ಇಳಿಜಾರಿನಲ್ಲಿ ಕೆರೆಯ ಕಡೆಗೆ ಹೊರಡುತ್ತದೆ. ಹಗ್ಗ ಹಿಡಿದು ನಿಲ್ಲಿಸುತ್ತದೆ. ಸಂಜೆಯೊಳಗೆ ಮನೆಗಳು ತಾವಾಗಿಯೇ ಮೇಲಕ್ಕೆ ಸರಿದು ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ. ಹೆಣ್ಣು ನೋಡಲು ಹೋದವರು ನಮ್ಮಲ್ಲಿ ಮೊದಲು ಕೇಳುವುದು ಹಗ್ಗ ಕಟ್ಟುವವರು ಯಾರು ಎಂದು, ಜಾತಕ ಆಮೇಲೆ.

ಹಗ್ಗ ಕಚೇರಿಯದು. ಪ್ರತಿ ಮನೆಯ ಹಿಂಗೋಡೆಯಲ್ಲಿ ಒಂದು ಕಬ್ಬಿಣದ ಕೊಂಡಿ, ಅದಕ್ಕೆ ಎದುರಾಗಿ ಏರಿನ ಮೇಲೆ ಒಂದು ಗೂಟಗಲ್ಲು, ನಡುವೆ ತೋಳು ಗಾತ್ರದ ಹಗ್ಗ. ಜರುಗಿದ ಮೇಲೆ ಗಂಟು ಕೆಡುವುದರಿಂದ ದಿನಾ ಬೆಳಿಗ್ಗೆ ಹೊಸದಾಗಿ ಹಾಕಬೇಕು. ಹಾಕುವ ನಮ್ಮನ್ನು ಬಿಗಿಗಾರರು ಎನ್ನುತ್ತಾರೆ. ಹೆಸರು ಹಾಗಿದ್ದರೂ ಬಿಗಿಯುವುದು ಅರ್ಧ ಕೆಲಸ ಮಾತ್ರ, ಎಷ್ಟು ಸಡಿಲ ಬಿಡಬೇಕೆಂದು ತಿಳಿಯುವುದು ಉಳಿದರ್ಧ. ಸಡಿಲ ಹೆಚ್ಚಾದರೆ ಮನೆ ಓಟ ಹಿಡಿದು ಹಗ್ಗ ಹರಿಯುತ್ತದೆ. ಕಡಿಮೆಯಾದರೆ ಗೋಡೆ ಸೀಳುತ್ತದೆ. ಗೋಡೆಯ ಮೇಲೆ ಅಂಗೈ ಇಟ್ಟರೆ ಆ ಮನೆಗೆ ಎಷ್ಟು ಬೇಕೆಂದು ನನಗೆ ಗೊತ್ತಾಗುತ್ತದೆ. ಹೇಗೆ ಎಂದು ಕೇಳಬೇಡಿ, ಎಣ್ಣೆ ಕಾದಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೋ ಹಾಗೆ. ಆದರೆ ಕಚೇರಿ ಅಂಗೈಯನ್ನು ನಂಬುವುದಿಲ್ಲ. ಅದರದ್ದೊಂದು ಕೋಲು ಇದೆ. ಮಹಡಿ ಮನೆಗೂ ಗುಡಿಸಲಿಗೂ ಆ ಕೋಲಿನಷ್ಟೇ ಸಡಿಲ.

ನಾನು ಕಟ್ಟುತ್ತಿದ್ದ ಒಂಬತ್ತು ಮನೆಗಳಲ್ಲಿ ಬಳೆಗಾರ ಬೈಲಪ್ಪನದೂ ಒಂದು. ಅವನ ನಡುಮನೆಯ ತುಂಬ ಗಾಜಿನ ಬಳೆಗಳ ಸರ. ಕೋಲಿನ ಅಳತೆಗೆ ಕಟ್ಟಿದ ಹಗ್ಗ ದಿನಾ ಒಂದು ಜಗ್ಗು ಜಗ್ಗಿ ಡಜನ್ನುಗಟ್ಟಲೆ ಬಳೆ ಒಡೆಯುತ್ತಿತ್ತು. ಅವನು ಪೊರಕೆ ಹಿಡಿದು ಗುಡಿಸುತ್ತಾ, "ಇರ್ಲಿ ಬಿಡಮ್ಮ, ಹಣೇಲಿ ಬರೆದಿದ್ದು" ಎನ್ನುತ್ತಿದ್ದ. ಒಂದು ದಿನ ತಡೆಯಲಾರದೆ ಗೋಡೆಗೆ ಕೈ ಇಟ್ಟೆ. ಮನೆ ಇನ್ನೂ ನಾಲ್ಕು ಬೆರಳು ಕೇಳುತ್ತಿತ್ತು. ಬಿಟ್ಟೆ. ಅವತ್ತು ಒಂದು ಬಳೆಯೂ ಒಡೆಯಲಿಲ್ಲ. ಬೈಲಪ್ಪ ಆ ಖುಷಿಯನ್ನು ಊರಿಗೆಲ್ಲ ಹಂಚಿದ. ಅದು ಸಾಹೇಬರ ಕಿವಿಗೂ ಬಿತ್ತು.

"ಕೋಲು ಇರೋದು ಯಾಕೆ ದೇವೀರಮ್ಮ?" ಎಂದರು ಸಾಹೇಬರು.

"ಅಳೆಯೋಕೆ ಸ್ವಾಮಿ."

"ಮತ್ತೆ ನಾಲ್ಕು ಬೆರಳು ಜಾಸ್ತಿ ಯಾಕೆ ಬಿಟ್ರಿ?"

"ಆ ಮನೆ ಕೇಳ್ತು, ಬಿಟ್ಟೆ."

"ಮನೆ ಕೇಳ್ತಾ? ನಾಳೆ ಒಂದೊಂದು ಮನೇನೂ ಒಂದೊಂದು ಕೇಳುತ್ತೆ. ಆಮೇಲೆ ಕಚೇರಿ ಯಾಕೆ ಬೇಕು ಹೇಳಿ?"

"ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ" ಎಂದುಬಿಟ್ಟೆ. ಕೋಲು ಕುಕ್ಕಿದ್ದು ಆಗಲೇ. ಸ್ವಂತಕ್ಕೆ ಹಗ್ಗ ಕಟ್ಟುತ್ತೇನೆ, ಕರೆದವರ ಮನೆಗೆ ಹೋಗುತ್ತೇನೆ ಎಂದೆ. ನಮ್ಮೂರಿನಲ್ಲಿ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಪಾಲಾಕ್ಷಯ್ಯನವರು ಕೆಟ್ಟವರಲ್ಲ. ತೋಳಿನ ಮಸಿ ಒರೆಸಿಕೊಂಡು, "ಹುಣ್ಣಿಮೆವರೆಗೂ ನಿಮ್ಮ ಹೆಸರು ಹೊಡೆದುಹಾಕಲ್ಲ. ಅವತ್ತು ಮೂರನೇ ಗಂಟೆ ಹೊಡೆಯೋದ್ರೊಳಗೆ ಪುಸ್ತಕದಲ್ಲಿ ರುಜು ಹಾಕಿದ್ರೆ ನಿಮ್ಮ ಕೆಲಸ ನಿಮಗೆ. ಆಮೇಲೆ ಬಂದ್ರೆ ಇಲ್ಲ" ಎಂದರು.

ಹುಣ್ಣಿಮೆ ಎಂದು ಅವರು ಸುಮ್ಮನೆ ಹೇಳಿದ್ದಲ್ಲ. ಆ ದಿನ ದೊಡ್ಡ ಜರುಗು. ಉಳಿದ ದಿನ ಮೊಳ ಜರುಗುವ ಮನೆ ಹುಣ್ಣಿಮೆಗೆ ಮೂರು ಮೊಳಕ್ಕೆ ಹಾತೊರೆಯುತ್ತದೆ. ಅವತ್ತಿನ ಮಟ್ಟಿಗೆ ಕಚೇರಿಯ ಕೋಲೂ ಬೇರೆ, ಉದ್ದನೆಯದು. ನಮ್ಮ ಮನೆಯಿರುವುದು ಕೊನೆಯ ಸಾಲಿನಲ್ಲಿ. ಅದರ ಕೆಳಗೆ ಒಂದಿಷ್ಟು ಹುಲ್ಲು, ಹುಲ್ಲಿನಾಚೆ ಕೆರೆ.

ಇನ್ನೊಂದು ವಿಷಯವನ್ನು ನಾನು ಸಿಟ್ಟಿನಲ್ಲಿ ಮರೆತಿದ್ದೆ. ಬಿಗಿಗಾರರು ತಮ್ಮ ಮನೆಯ ಹಗ್ಗವನ್ನು ತಾವು ಮುಟ್ಟುವುದಿಲ್ಲ. ಅದು ಕಾನೂನಲ್ಲ, ಕಸುಬಿನ ಪದ್ಧತಿ. ನನ್ನ ಮನೆಯನ್ನು ಹನ್ನೊಂದು ವರ್ಷದಿಂದ ಮರಿಸಿದ್ಧ ಕಟ್ಟುತ್ತಿದ್ದ, ಅವನದನ್ನು ನಾನು. ಕೆಲಸ ಬಿಟ್ಟ ದಿನ ಸಂಜೆಯೇ ಅವನು ಬಂದು ಕಚೇರಿಯ ಹಗ್ಗ ಬಿಚ್ಚಿ ಸುತ್ತಿ ಹೆಗಲಿಗೆ ಹಾಕಿಕೊಂಡ. "ಬೈಕೋಬೇಡ ಅಕ್ಕ. ಕಚೇರಿ ಬಿಟ್ಟೋರ ಮನೆ ಮುಟ್ಟಿದ್ರೆ ನನ್ನ ಹೆಸರೂ ಹೋಗುತ್ತೆ" ಎಂದ. ಬೈಯಲಿಲ್ಲ. ಅವನು ನನಗಿಂತ ಹೆಚ್ಚು ಅಳುವಂತಿದ್ದ.

ಮನೆಯಲ್ಲಿ ಯಾರೂ ನನ್ನನ್ನು ಹೊಗಳಲಿಲ್ಲ. ನನ್ನ ಗಂಡ ಚನ್ನಿಗಪ್ಪ ಟೈಲರು. ನಡುಮನೆಯಲ್ಲೇ ಅವರ ಮಿಷನ್ನು, ಅವರ ಪ್ರಪಂಚವೂ ಅಷ್ಟೇ. ಸುದ್ದಿ ಕೇಳಿ ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿದರು, ಆಗಲಿಲ್ಲ. "ಹಗ್ಗ ಕಟ್ಟೋರು ಯಾರೇ?" ಎಂದರು. ನಾನೇ ಎಂದೆ. ಅತ್ತೆ ಕರಿಯಮ್ಮ ಹಿತ್ತಲ ಕಿಟಕಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಕಚೇರಿ ಸೊಸೆ ಅಂತ ಮೆರೆದ್ವಿ. ಈಗ ಬೀದಿ ಸೊಸೆ ಆಯ್ತು" ಎಂದು ಸಿಪ್ಪೆಗೆ ಹೇಳಿದರು. ನನಗೂ ಅತ್ತೆಗೂ ಇಪ್ಪತ್ತೆರಡು ವರ್ಷದಿಂದ ಮಾತು ಹೀಗೆಯೇ, ಯಾವುದಾದರೂ ತರಕಾರಿಯ ಮೂಲಕ.

ಬೈಲಪ್ಪ ಮಾರನೆಯ ದಿನವೇ ನನ್ನನ್ನು ಕರೆದ. ಆ ವಾರದಲ್ಲಿ ಹಪ್ಪಳ ಮಾಡುವ ಸಣ್ಣತಾಯಮ್ಮನೂ ಒಬ್ಬ ಮೇಷ್ಟರೂ ಸೇರಿದರು. ಒಟ್ಟು ಮೂರು ಮನೆ. ನನ್ನನ್ನು ಕರೆದವರ ಮನೆಯಿಂದ ಕಚೇರಿ ತನ್ನ ಹಗ್ಗ ಬಿಚ್ಚುತ್ತದೆ, ಮತ್ತೆ ಬೇಕೆಂದರೆ ಒಂದು ತಿಂಗಳು ಕಾಯಬೇಕು. ಗೊತ್ತಿದ್ದೂ ಕರೆದರು. ಆ ಮೂರು ಮನೆಗಳ ಗೋಡೆ ಮುಟ್ಟಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕೋಲಿಲ್ಲ, ಹಿಂದೆ ನಿಂತು ನೋಡುವವರಿಲ್ಲ. ಮನೆ ಕೇಳಿದಷ್ಟು ಬಿಡುವುದು, ಗಂಟು ಹಾಕುವುದು. ಮೇಷ್ಟರ ಮನೆಯಲ್ಲಿ ಜರುಗುವಾಗ ಲೋಟದ ಕಾಫಿ ಅಲುಗಲಿಲ್ಲವೆಂದು ಅವರು ಲೋಟ ತಂದು ತೋರಿಸಿದರು. ಕಾಫಿ ಅಷ್ಟರಲ್ಲಿ ಅವರು ಓಡಿ ಬಂದಿದ್ದಕ್ಕೇ ಚೆಲ್ಲಿತ್ತು.

ನನ್ನ ಮನೆಯ ಕಥೆಯೇ ಬೇರೆ. ಮೊದಲ ಬೆಳಿಗ್ಗೆ ಗೋಡೆಗೆ ಅಂಗೈ ಇಟ್ಟು ಕಾದೆ. ಮನೆ ಏನೂ ಹೇಳಲಿಲ್ಲ. ನನ್ನ ನಾಡಿಯೇ ಬಡಿಯುತ್ತಿತ್ತು. ಒಳಗೆ ಮಿಷನ್ನಿನ ಸದ್ದು, ಅತ್ತೆಯ ಕೆಮ್ಮು. ಕೆಳಗೆ ಕೆರೆಯ ನೀರು ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ಇರಲಿ ಎಂದು ಒಂದು ಗೇಣು ಕಡಿಮೆ ಬಿಟ್ಟು ಕಟ್ಟಿದೆ. ಮಧ್ಯಾಹ್ನ ಮನೆ ಹೊರಟ ಕೂಡಲೇ ಹಗ್ಗ ಜಗ್ಗಿತು, ಗೂಡಿನಲ್ಲಿದ್ದ ದೀಪ ಬಿತ್ತು. ಬಿದ್ದದ್ದು ಬಿಗಿ ಸಾಲದೆ ಎಂದುಕೊಂಡೆ. ಮಾರನೆಯ ದಿನ ಇನ್ನೂ ಬಿಗಿದೆ. ಹಗ್ಗದ ಮೇಲೆ ಅನುಮಾನ ಬಂತು, ಎರಡನೆಯ ಹಗ್ಗ ತಂದು ಸೇರಿಸಿದೆ. ಆರನೆಯ ದಿನ ಕೊಂಡಿಯ ಪಕ್ಕದಿಂದ ಕೂದಲೆಳೆಯಷ್ಟು ಬಿರುಕು ಹೊರಟಿತು. ಒಂಬತ್ತನೆಯ ದಿನ ಅದು ಸೂರು ಮುಟ್ಟಿತು. ನಾನು ಸಗಣಿ, ಮಣ್ಣು ಕಲಸಿ ಮೆತ್ತಿದೆ, ಮತ್ತೆ ಬಿಗಿದೆ.

ಮರಿಸಿದ್ಧ ದಿನಾ ಆ ದಾರಿಯಲ್ಲೇ ಹೋಗುತ್ತಿದ್ದ. ತಲೆ ತಗ್ಗಿಸಿ ಹೋಗುವವನು ಅವತ್ತು ನಿಂತ. ಹಗ್ಗವನ್ನು ನೋಡದೆ, ಕೆರೆ ನೋಡುತ್ತಾ ಹೇಳಿದ. "ಅಕ್ಕ, ಹಗ್ಗ ಗುಂಯ್ ಅಂತಾ ಇದೆ."

"ಗಾಳಿಗೆ" ಎಂದೆ.

"ಗಾಳಿ ಎಲ್ಲೈತೆ?"

ನನಗೆ ರೇಗಿತು. ಹತ್ತೊಂಬತ್ತು ವರ್ಷದ ಅನುಭವದವಳಿಗೆ ಇವನೇನು ಹೇಳುವುದು! ಹೆದರಿದ ಕೈ ಸಡಿಲ ಬಿಡುವುದಿಲ್ಲ ಎಂದು ಕಸುಬಿಗೆ ಸೇರಿದ ಹೊಸಬರಿಗೆ ನಾನೇ ಪಾಠ ಮಾಡಿದ್ದೆ. ನನ್ನ ಕೈ ಹೆದರಿದೆ ಎಂದು ಒಪ್ಪಿಕೊಳ್ಳಲು ಮಾತ್ರ ನನ್ನಿಂದಾಗಲಿಲ್ಲ. ಅವನು ಹೋದ ಮೇಲೆ ಹಗ್ಗಕ್ಕೆ ಕಿವಿ ಕೊಟ್ಟೆ. ನಿಜವಾಗಿಯೂ ಗುಂಯ್ಗುಡುತ್ತಿತ್ತು.

ಹನ್ನೆರಡನೆಯ ದಿನ ಬಿರುಕಿನಿಂದ ಬಿಸಿಲು ಒಳಗೆ ಬಂತು. ಚನ್ನಿಗಪ್ಪನವರು ಹೊಲಿಯುತ್ತಿದ್ದ ರವಿಕೆಯ ಮೇಲೆ ಒಂದು ಗೆರೆ ಬಿದ್ದಿತ್ತು. ಅವರು ಮಿಷನ್ನು ನಿಲ್ಲಿಸಿದರು. "ಹೋಗಿ ರುಜು ಹಾಕು ದೇವೀರಿ. ಕಾಲು ಹಿಡ್ಕೊಂಡು ಬೇಕಾದ್ರೆ ಕೇಳ್ತೀನಿ. ನಿನ್ನ ಹಟಕ್ಕೆ ನಾವು ಕೆರೆ ಪಾಲಾಗ್ಬೇಕಾ?" ಎಂದರು. ಗಟ್ಟಿಯಾಗಿ ಮಾತಾಡದ ಮನುಷ್ಯ.

ಮಾರನೆಯ ದಿನ ಕಚೇರಿಯ ಬಾಗಿಲವರೆಗೆ ಹೋದೆ. ಒಳಗೆ ಮೂಲೆಯಲ್ಲಿ ಕೋಲುಗಳು ಸಾಲಾಗಿ ನಿಂತಿದ್ದವು, ನನ್ನದೂ ಅವುಗಳಲ್ಲಿತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಬೈಲಪ್ಪ, ಸಣ್ಣತಾಯಮ್ಮ, ಮೇಷ್ಟರ ಮುಖಗಳು ಕಣ್ಣ ಮುಂದೆ ಬಂದವು. ನಾನು ಒಳಗೆ ಹೋದರೆ ಹುಣ್ಣಿಮೆಯ ದಿನ ಅವರಿಗೆ ಹಗ್ಗವೇ ಇಲ್ಲ. ಇಬ್ಬರು ಬಿಗಿಗಾರರು ಹೊರಗೆ ಬರುತ್ತಾ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ನೀರು ಕುಡಿಯಲು ಬಂದವಳಂತೆ ಕಚೇರಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ವಾಪಸು ಬಂದೆ.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ನನ್ನ ಮನೆಗೆ ಎರಡೂ ಹಗ್ಗ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದೆ. ಮೊಣಕಾಲು ಕೊಟ್ಟು ಎಳೆದೆ. ಆಮೇಲೆ ಮೂರು ಮನೆಗೆ ಹೊರಟೆ. ದೊಡ್ಡ ಜರುಗಿಗೆ ಕಟ್ಟುವುದು ನಿಧಾನದ ಕೆಲಸ. ಬೈಲಪ್ಪ ಮದುವೆ ಸುಗ್ಗಿಗೆಂದು ಹೊಸ ಮಾಲು ತುಂಬಿದ್ದ, ಮನೆಯ ತೂಕವೇ ಬೇರೆಯಾಗಿತ್ತು. ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಯ ಸುತ್ತು ಹಾಕುತ್ತಿರುವಾಗ ಮೊದಲ ಗಂಟೆ ಹೊಡೆಯಿತು. ಸೆರಗು ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡಿದೆ. ಬೀದಿಯಲ್ಲಿ ಆಗಲೇ ಜನವಿರಲಿಲ್ಲ.

ಮನೆಯ ಹಿಂದೆ ಬಂದು ನೋಡುತ್ತೇನೆ, ಗೂಟಗಲ್ಲಿನ ಪಕ್ಕ ಅತ್ತೆ ಕಾಲು ಚಾಚಿ ಕೂತಿದ್ದಾರೆ. ಮಡಿಲಲ್ಲಿ ಹಗ್ಗ. ಒಂದು ಗಂಟೂ ಉಳಿದಿಲ್ಲ. ಎರಡೂ ಹಗ್ಗ ಬಿಚ್ಚಿದ್ದರು. ನನ್ನ ಮನೆ ಹುಣ್ಣಿಮೆಯ ದಿನ, ಮೊದಲ ಗಂಟೆಯಾದ ಮೇಲೆ, ಏನೂ ಇಲ್ಲದೆ ಬರಿದೇ ನಿಂತಿತ್ತು.

"ಏನ್ ಮಾಡಿದ್ರಿ ಅತ್ತೆ! ಬುದ್ಧಿ ನೆಟ್ಟಗಿದೆಯಾ ನಿಮ್ಗೆ?" ಎಂದು ಕಿರುಚಿದೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನೇರವಾಗಿ ಹೇಳಿದ ಮೊದಲ ಮಾತು ಅದೇ ಇರಬೇಕು.

"ಬಿಚ್ಚೋಕೆ ಪೂರಾ ಒಂದು ಗಳಿಗೆ ಬೇಕಾಯ್ತು. ನನ್ನ ಉಗುರೆಲ್ಲ ಹೋಯ್ತು. ಅದೇನು ಗಂಟೇ ಅದು, ಕುತ್ತಿಗೆಗೆ ಹಾಕೋ ಹಂಗೆ" ಎಂದರು. ಹಾಗೆನ್ನುತ್ತಲೇ ಒಂದು ಹಗ್ಗವನ್ನು ಪಕ್ಕಕ್ಕೆ ತಳ್ಳಿ, ಇನ್ನೊಂದನ್ನು ಕಲ್ಲಿಗೆ ಸುತ್ತತೊಡಗಿದರು. ಎಮ್ಮೆ ಕಟ್ಟುವವರ ಸುತ್ತು.

ನಾನು ಕಿತ್ತುಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ಏರಿನ ಮೇಲಿಂದ ಚನ್ನಿಗಪ್ಪನವರ ಕೂಗು ಕೇಳಿಸಿತು. ಬೆಳಿಗ್ಗೆಯೇ ಕಚೇರಿಗೆ ಹೋಗಿ ಕೂತಿದ್ದರಂತೆ. ಅವರ ಹಿಂದೆ ಏದುಸಿರು ಬಿಡುತ್ತಾ ಪಾಲಾಕ್ಷಯ್ಯನವರು, ಕಂಕುಳಲ್ಲಿ ಪುಸ್ತಕ. ಅವರ ಹಿಂದೆ ಹೆಗಲ ಮೇಲೆ ಕಚೇರಿಯ ಹಗ್ಗ, ಕೈಯಲ್ಲಿ ಉದ್ದನೆಯ ಕೋಲು ಹಿಡಿದ ಮರಿಸಿದ್ಧ. ಸಾಹೇಬರು ಪುಸ್ತಕವನ್ನು ಬಿಚ್ಚಿ ಲೇಖನಿ ಚಾಚಿದರು.

"ನಿಮ್ಮಂಥ ಕೈ ಕಳ್ಕೊಳ್ಳೋಕೆ ನಂಗೂ ಇಷ್ಟ ಇಲ್ಲ ದೇವೀರಮ್ಮ. ಒಂದು ರುಜು ಹಾಕಿ. ಎರಡನೇ ಗಂಟೆಯೊಳಗೆ ಮರಿಸಿದ್ಧ ಕಟ್ಟಿ ಮುಗಿಸ್ತಾನೆ."

"ನನ್ನ ಮೂರು ಮನೆ?"

"ನಾಳೆಯಿಂದ ಮುಟ್ಟೋ ಹಾಗಿಲ್ಲ. ನಿಯಮ ನಿಮಗೇ ಗೊತ್ತಲ್ಲ."

"ಬೇರೆಯವರ ಮನೆ ಚಿಂತೆ ಬಿಡೇ! ಹಾಕು!" ಎಂದರು ನನ್ನ ಗಂಡ. ಲೇಖನಿ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಹಾಕಿಬಿಡಬೇಕೆಂದೇ ತೆಗೆದುಕೊಂಡೆ.

ಆಗ ಅತ್ತೆ, ತಲೆ ಎತ್ತದೆ, ಗಂಟು ಹಾಕುತ್ತಲೇ ಮಾತಾಡಿದರು. "ನಮ್ಮಪ್ಪನ ಮನೇನೂ ಕೊನೇ ಸಾಲೇ. ನಂಗೆ ಹತ್ತು ವರ್ಷ ಇದ್ದಾಗ ಕಚೇರಿ ಹಗ್ಗ ಹರಿದು ಮನೆ ಕೆರೆಗೆ ಹೋಯ್ತು. ಕೋಲಿಟ್ಟು ಅಳೆದು ಕಟ್ಟಿದ್ದೇ. ಮೊಳಕಾಲುದ್ದ ನೀರಲ್ಲಿ ನಾವೆಲ್ಲ ಹಿತ್ತಲ ಬಾಗ್ಲಿಂದ ಇಳಿದು ಬಂದ್ವಿ. ನಮ್ಮವ್ವ ಸಾರಿನ ಮಡಕೇನೂ ಎತ್ಕೊಂಡೇ ಬಂದ್ಲು. ಅವತ್ತು ರಾತ್ರಿ ಅದನ್ನೇ ಉಂಡ್ವಿ." ಸುತ್ತನ್ನು ಎಳೆದು ನೋಡಿದರು. "ಮನೆ ಹೋದ್ರೆ ಹೋಗುತ್ತೆ. ನಂಗೆ ಈ ಮನೆ ಮೇಲೆ ಅಂಥಾ ಆಸೆ ಏನಿಲ್ಲ. ಅದಕ್ಕೇ ನನ್ನ ಕೈ ನೆಟ್ಟಗಿದೆ. ಹದಿನಾಕು ದಿನದಿಂದ ಕಿಟಕೀಲಿ ನೋಡ್ತಾ ಇದೀನಿ, ಮನೇನ ಉಸಿರಾಡೋಕೆ ಬಿಡ್ತಾ ಇಲ್ಲ ನೀನು."

ನಾನು ಹಗ್ಗ ನೋಡಿದೆ. ಅವರು ಬಿಟ್ಟ ಸಡಿಲ ನೆಲದ ಮೇಲೆ ಮಡಿಚಿ ಬಿದ್ದಿತ್ತು. ಬೆಳಿಗ್ಗೆ ನಾನು ಬಿಟ್ಟಿದ್ದಕ್ಕಿಂತ ಎರಡು ಮೊಳ ಹೆಚ್ಚು. ಕಚೇರಿಯ ಉದ್ದನೆಯ ಕೋಲಿಗಿಂತಲೂ ಹೆಚ್ಚು. ಮರಿಸಿದ್ಧ ಅದನ್ನು ಕಣ್ಣಲ್ಲೇ ಅಳೆದು ನನ್ನ ಮುಖ ನೋಡಿದ. ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಎರಡನೆಯ ಗಂಟೆ ಹೊಡೆಯಿತು.

"ಹೊತ್ತಿಲ್ಲ" ಎಂದರು ಸಾಹೇಬರು.

ಅತ್ತೆ ನೆಲಕ್ಕೆ ಕೈಯೂರಿ ಎದ್ದರು, ಸೊಂಟ ಹಿಡಿದುಕೊಂಡು ನಿಂತರು. "ನಾನು ಒಳಗೆ ಕೂತ್ಕೋತೀನಿ. ನೀನು ಎಲ್ಲಿ ಕೂತ್ಕೋತೀಯೋ ನೋಡ್ಕೋ" ಎಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದರು.

ನನ್ನ ಕೈಗೆ ಒಂದೇ ಆಸೆ, ಆ ಸಡಿಲವನ್ನು ಒಂದು ಗೇಣಾದರೂ ಎಳೆದುಬಿಡುವುದು. ಕೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡೆ. ಲೇಖನಿಯನ್ನು ಸಾಹೇಬರ ಪುಸ್ತಕದ ಮಡಿಕೆಯಲ್ಲಿಟ್ಟೆ, ಈ ಸಲ ಕುಕ್ಕದೆ. ಅವರು ಏನೋ ಹೇಳಿದರು, ಕೇಳಿಸಲಿಲ್ಲ. ಚನ್ನಿಗಪ್ಪನವರು ತಲೆಯ ಮೇಲೆ ಕೈ ಹೊತ್ತು ಕಲ್ಲಿನ ಪಕ್ಕ ಕುಸಿದರು. ನಾನು ಒಳಗೆ ಹೋಗಿ ಅತ್ತೆಯ ಪಕ್ಕ, ಬಿರುಕು ಬಿಟ್ಟ ಗೋಡೆಗೇ ಬೆನ್ನು ಕೊಟ್ಟು ಕೂತೆ. ಮೂರನೆಯ ಗಂಟೆ ಹೊಡೆಯಿತು.

ಮನೆ ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಕೊಡಗಳು ನೆಲದ ಮೇಲೆ ಸರಿಯತೊಡಗಿದವು, ಮಿಷನ್ನು ಕಿರುಗುಟ್ಟುತ್ತಾ ಬಾಗಿಲ ಕಡೆಗೆ ನಡೆಯಿತು. ತೆರೆದ ಮುಂಬಾಗಿಲಿನಲ್ಲಿ ಕೆರೆ ದೊಡ್ಡದಾಗುತ್ತಾ ಬಂತು. ಹುಲ್ಲು ಹೊಸ್ತಿಲ ಕೆಳಗೆ ಸರಸರ ಎನ್ನುತ್ತಿತ್ತು. ಹಗ್ಗ ಯಾಕೆ ಹಿಡಿಯುತ್ತಿಲ್ಲ? ನಾನು ಅತ್ತೆಯ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ. ಹಿಂದಿನ ಗೋಡೆಯಿಂದ ಒಂದು ಇಟ್ಟಿಗೆ ಕಳಚಿ ನಮ್ಮಿಬ್ಬರ ನಡುವೆ ಬಿತ್ತು, ಮಣ್ಣು ತಲೆಯ ಮೇಲೆ ಉದುರಿತು. ಬೆನ್ನಿಗೆ ತಾಗಿದ ಗೋಡೆಯಲ್ಲಿ ಆಗ ಏನೋ ತಿಳಿಯಿತು. ನನ್ನ ನಾಡಿಯಲ್ಲ. ಮನೆ ಇನ್ನೂ ಒಂದು ಮೊಳ ಕೇಳುತ್ತಿತ್ತು. ಆಮೇಲೆ ಅರ್ಧ ಮೊಳ. ಆಮೇಲೆ ನಾಲ್ಕು ಬೆರಳು. ಆಮೇಲೆ ಸಾಕು ಎಂದಿತು. ಅಲ್ಲೇ ಹಗ್ಗ ಸಿಕ್ಕಿತು. ಜಗ್ಗಲಿಲ್ಲ. ಬಾಗಿಲ ಹತ್ತಿರ ಹೋಗಿದ್ದ ಮಿಷನ್ನು ಹೊಸ್ತಿಲಿಗೆ ಒಂದು ಗೇಣು ಇರುವಾಗ ನಿಂತಿತು.

ಹಿಂದಿನಿಂದ, ಏರಿನ ಮೇಲಿಂದ, ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ಪಾಲಾಕ್ಷಯ್ಯನವರು ಯಾರಿಗೋ ಹೇಳುವಂತೆ, "ಹೆಸರು ಹೊಡೆದಿದ್ದೀನಿ" ಎಂದರು. ಹತ್ತೊಂಬತ್ತು ವರ್ಷ ಅಲ್ಲಿಗೆ ಮುಗಿಯಿತು. ನಾನು ಅತ್ತುಬಿಟ್ಟೆ. ಸಂತೋಷಕ್ಕೂ, ಹೆದರಿಕೆಗೂ, ಇನ್ನು ವಾಪಸು ಹೋಗುವ ಬಾಗಿಲಿಲ್ಲ ಎನ್ನುವುದಕ್ಕೂ.

ಕರಿಯಮ್ಮನವರು ತಲೆಯ ಮಣ್ಣು ಕೊಡವಿಕೊಂಡು ಬಾಗಿಲಿನಾಚೆ ನೋಡುತ್ತಾ ಕೂತಿದ್ದರು. ನಾನು ಮೂಗು ಒರೆಸಿಕೊಂಡು ಕೇಳಿದೆ. "ನಿಜವಾಗ್ಲೂ ಈ ಮನೆ ಹೋದ್ರೂ ಪರವಾಗಿಲ್ವಾ ನಿಮ್ಗೆ?"

"ಹೂಂ."

"ಮತ್ತೆ ಅಷ್ಟು ಸರಿಯಾಗಿ ಯಾಕೆ ಕಟ್ಟಿದ್ರಿ?"

ಅತ್ತೆ ನನ್ನ ಕಡೆ ತಿರುಗಿ, ನಾನು ಏನೋ ದಡ್ಡ ಪ್ರಶ್ನೆ ಕೇಳಿದವಳಂತೆ ನೋಡಿದರು. "ನೀನು ಒಳಗೆ ಬಂದು ಕೂತ್ಕೋತೀಯ ಅಂತ ಗೊತ್ತಿತ್ತಲ್ಲೇ" ಎಂದರು.